ಊಟ ಬಿಟ್ಟವರ ಮನಸ್ಸು, ಮನಸ್ಸು ಕುಗ್ಗಿದವರ ಊಟ: ಮನೆಯವರು ಏನು ಮಾಡಬೇಕು?

ಆ ವರ್ಷ ಯುಗಾದಿಗೆ ಒಬ್ಬಟ್ಟು ಮಾಡಿದ್ದು ನನ್ನ ತಂಗಿ. ಬೇಳೆ ಬೇಯಿಸಿ, ಹೂರಣ ರುಬ್ಬಿ, ಕಣಕ ನಾದಿ, ಒಂದೊಂದನ್ನೂ ತೆಳ್ಳಗೆ ತಟ್ಟಿ, ತುಪ್ಪ ಹಾಕಿ ಎಲ್ಲರ ಎಲೆಗೂ ಬಡಿಸಿದಳು. "ನೀನೂ ಕೂತ್ಕೊಳ್ಳೇ" ಅಂದರೆ "ಮಾಡ್ತಾ ಮಾಡ್ತಾನೇ ಹೊಟ್ಟೆ ತುಂಬ್ತು ಅಕ್ಕಾ" ಅಂದಳು. ನಂಬಿದೆವು. ಸಂಜೆ ನೋಡಿದರೆ ಅವಳ ಪಾಲಿನ ಒಬ್ಬಟ್ಟು ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿ, ಸ್ಟೀಲ್ ಡಬ್ಬಿಯೊಳಗೆ, ಮುರಿಯದೆ ಹಾಗೇ ಇತ್ತು.

ಆಗ ಅವಳು ಡಿಗ್ರಿ ಎರಡನೇ ವರ್ಷ. ಬೆಂಗಳೂರಿನ ಪಿಜಿಯಿಂದ ರಜೆಗೆ ಬಂದವಳು ದಿನವೆಲ್ಲಾ ರೂಮಿನಲ್ಲೇ. ಮಾತು ಕಡಿಮೆ, ನಿದ್ದೆ ಇಲ್ಲ, ಸಣ್ಣದಕ್ಕೂ ಸಿಡುಕು. ಅಮ್ಮ ದೃಷ್ಟಿ ತೆಗೆದರು. ಅಪ್ಪ "ಪರೀಕ್ಷೆ ಟೆನ್ಶನ್ನು" ಅಂದರು. ಮೊದಲು ನೋಡಿದ ಡಾಕ್ಟರು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟರು. ಎರಡನೆಯವರು ಡಿಪ್ರೆಶನ್ ಅಂತ ಹೇಳಿ ಅದಕ್ಕೆ ಮಾತ್ರೆ ಬರೆದರು. ಊಟದ ವಿಷಯ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ. ಅದರಲ್ಲೇ ಎಂಟು ತಿಂಗಳು ಹೋಯಿತು.

ನಾನು ಡಾಕ್ಟರ್ ಅಲ್ಲ. ಆ ಎಂಟು ತಿಂಗಳು ನಿಮ್ಮ ಮನೆಯಲ್ಲೂ ಸುಮ್ನೆ ಕಳೆದುಹೋಗದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಊಟದ ಕಾಯಿಲೆ, ಮನಸ್ಸಿನ ಕಾಯಿಲೆ ಎರಡೂ ಜೊತೆಗೆ ಬಂದಾಗ ಒಂದನ್ನು ಮಾತ್ರ ಡಾಕ್ಟರ ಮುಂದಿಟ್ಟು, ಇನ್ನೊಂದನ್ನು ಮನೆಯಲ್ಲೇ ಬಿಟ್ಟುಹೋಗಬೇಡಿ. ನಾವು ಮಾಡಿದ ದೊಡ್ಡ ತಪ್ಪು ಅದೇ.

ಮೊದಲ ಹೆಜ್ಜೆ: ಯಾವುದು ಏನು ಅಂತ ತಿಳಿದುಕೊಳ್ಳಿ

ಈಟಿಂಗ್ ಡಿಸಾರ್ಡರ್ ಅಂದರೆ ಊಟದ ಯೋಚನೆಯೇ ದಿನವಿಡೀ ತಲೆ ತಿನ್ನುವ ಕಾಯಿಲೆ. ಮುಖ್ಯವಾಗಿ ಮೂರು ಬಗೆ. ಅನೊರೆಕ್ಸಿಯಾ ಇರುವವರು ಮೈ ಇಳಿಯುತ್ತಿದ್ದರೂ ಊಟ ಕಡಿಮೆ ಮಾಡುತ್ತಲೇ ಹೋಗುತ್ತಾರೆ. ಬುಲಿಮಿಯಾ ಇರುವವರು ತಡೆಯಲಾಗದೆ ಒಂದೇ ಸಲ ತುಂಬಾ ತಿಂದುಬಿಡುತ್ತಾರೆ, ಆಮೇಲೆ ಗಾಬರಿಬಿದ್ದು ತಿಂದದ್ದನ್ನು ಹೇಗಾದರೂ ಕಳೆದುಕೊಳ್ಳಬೇಕು ಅಂತ ಒದ್ದಾಡುತ್ತಾರೆ. ಇವರ ತೂಕ ಬಹಳ ಸಲ ಎಲ್ಲರ ಹಾಗೇ ಇರುತ್ತದೆ. ಹಾಗಾಗಿ ಮನೆಯವರಿಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಬಿಂಜ್ ಈಟಿಂಗ್ ಇರುವವರು ಕೈ ಮೀರಿ ತಿಂದು, ನಾಚಿಕೆಯಲ್ಲಿ ಕುಗ್ಗಿಹೋಗುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ ಇದನ್ನು ಪ್ರತ್ಯೇಕ ಕಾಯಿಲೆ ಅಂತ ಒಪ್ಪಿದ್ದು 2013ರಲ್ಲಿ.

ಇದೆಲ್ಲಾ ಮೊಬೈಲ್ ಬಂದ ಮೇಲೆ ಬಂದದ್ದು ಅನ್ನುವವರಿದ್ದಾರೆ. ಹಾಗಲ್ಲ. ಅನೊರೆಕ್ಸಿಯಾ ಅನ್ನುವ ಕಾಯಿಲೆಯ ಬಗ್ಗೆ ಲಂಡನ್ನಿನ ವೈದ್ಯ ವಿಲಿಯಂ ಗಲ್ 1873ರಲ್ಲೇ ಮಾತಾಡಿದ್ದರು. ಬುಲಿಮಿಯಾವನ್ನು ಜೆರಾಲ್ಡ್ ರಸೆಲ್ 1979ರಲ್ಲಿ ವಿವರಿಸಿದರು.

ಮೂಡ್ ಡಿಸಾರ್ಡರ್ ಅಂದರೆ ಮುಖ್ಯವಾಗಿ ಎರಡು. ಒಂದು ಖಿನ್ನತೆ. ಎರಡು ವಾರಕ್ಕೂ ಮೇಲ್ಪಟ್ಟು ಮನಸ್ಸು ಕುಗ್ಗಿರುತ್ತದೆ, ಯಾವುದರಲ್ಲೂ ಆಸಕ್ತಿ ಇರುವುದಿಲ್ಲ. ಇನ್ನೊಂದು ಬೈಪೋಲಾರ್. ಕೆಲವು ಕಾಲ ಹೀಗೆ ಕುಗ್ಗಿದರೆ, ಮತ್ತೆ ಕೆಲವು ಕಾಲ ಮನಸ್ಸು ವಿಪರೀತ ಏರುತ್ತದೆ. ನಿದ್ದೆಯೇ ಬೇಡ, ಮಾತು ನಿಲ್ಲುವುದಿಲ್ಲ, ದುಡ್ಡು ನೀರಿನ ಹಾಗೆ ಖರ್ಚಾಗುತ್ತದೆ.

ಇಲ್ಲೇ ಒಂದು ಗೊಂದಲ ಬರುತ್ತದೆ. ಡಾಕ್ಟರುಗಳು ಖಿನ್ನತೆ ಗುರುತಿಸುವ ಒಂಬತ್ತು ಲಕ್ಷಣಗಳಲ್ಲಿ ಹಸಿವಿನ ಏರುಪೇರೂ ಒಂದು. ಹಾಗಾದರೆ ಊಟ ಬಿಟ್ಟವರಿಗೆ ಬರೀ ಖಿನ್ನತೆ ಇದೆಯೋ, ಊಟದ ಕಾಯಿಲೆಯೂ ಇದೆಯೋ ಅಂತ ಹೇಗೆ ತಿಳಿಯುವುದು? ಪೂರ್ತಿ ತಿಳಿಯುವುದು ಡಾಕ್ಟರಿಗೇ. ಆದರೆ ಮನೆಯಲ್ಲಿ ಕಣ್ಣಿಗೆ ಬೀಳುವ ಒಂದು ವ್ಯತ್ಯಾಸ ಇದೆ. ಬರೀ ಖಿನ್ನತೆ ಇರುವವರಿಗೆ ಊಟ ಬೇಡ. ಬಾಯಿಗೆ ರುಚಿಯೇ ಇಲ್ಲ, ಮುಂದೆ ತಟ್ಟೆ ಇಟ್ಟರೂ ಅದರ ಮೇಲೆ ಗಮನವಿಲ್ಲ. ಊಟದ ಕಾಯಿಲೆ ಇರುವವರಿಗೆ ಊಟದ್ದೇ ಧ್ಯಾನ. ಸಾರಿಗೆ ಎಣ್ಣೆ ಎಷ್ಟು ಹಾಕಿದ್ದೀರಿ ಅಂತ ಕೇಳುತ್ತಾರೆ. ಅಡುಗೆ ವಿಡಿಯೋ ಗಂಟೆಗಟ್ಟಲೆ ನೋಡುತ್ತಾರೆ. ಎಲ್ಲರಿಗೂ ಮಾಡಿ ಬಡಿಸಿ ತಾವು ತಿನ್ನುವುದಿಲ್ಲ. ಅಕ್ಕಿ ಮುಟ್ಟಬಾರದು, ರಾತ್ರಿ ಏಳರ ಮೇಲೆ ತಿನ್ನಬಾರದು ಅಂತ ತಮಗೆ ತಾವೇ ಕಟ್ಟಳೆ ಹಾಕಿಕೊಳ್ಳುತ್ತಾರೆ. ಅದು ತಪ್ಪಿದರೆ ಆ ದಿನ ಪೂರ್ತಿ ಹಾಳು. ನನ್ನ ತಂಗಿ ದೋಸೆಯನ್ನು ಉಗುರಿನಷ್ಟು ಸಣ್ಣ ಚೂರು ಮಾಡಿ, ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದಳು. ಒಂದು ದೋಸೆಗೆ ಮುಕ್ಕಾಲು ಗಂಟೆ. ನಾವು ಅದನ್ನು ಸೋಂಬೇರಿತನ ಅಂದುಕೊಂಡಿದ್ದೆವು.

ನಮ್ಮ ಕಡೆ ಇನ್ನೊಂದು ವಿಷಯ ಗಮನಿಸಬೇಕು. "ದಪ್ಪ ಆಗಿಬಿಡ್ತೀನಿ ಅನ್ನೋ ಭಯ" ಅಂತ ಎಲ್ಲರೂ ಹೇಳುವುದಿಲ್ಲ. 1990ರ ದಶಕದಲ್ಲೇ ಹಾಂಗ್‌ಕಾಂಗ್‌ನ ವೈದ್ಯರು ಇದನ್ನು ಗುರುತಿಸಿದ್ದರು. ಅಲ್ಲಿನ ಹಲವು ಅನೊರೆಕ್ಸಿಯಾ ರೋಗಿಗಳು ಹೊಟ್ಟೆ ಉಬ್ಬರ, ಹಸಿವಿಲ್ಲ ಅಂತಷ್ಟೇ ಹೇಳುತ್ತಿದ್ದರು. ನಮ್ಮಲ್ಲೂ "ಗ್ಯಾಸ್ಟ್ರಿಕ್ಕು", "ಸೇರಲ್ಲ", "ವಾಕರಿಕೆ" ಅನ್ನುವ ಮಾತಿನ ಹಿಂದೆ ಇದು ಅಡಗಿರುತ್ತದೆ. ಹೊಟ್ಟೆ ಡಾಕ್ಟರ ಹತ್ತಿರ ಎಲ್ಲಾ ಟೆಸ್ಟೂ ಸರಿಯಾಗಿದೆ, ಆದರೂ ಮೈ ಇಳಿಯುತ್ತಿದೆ ಅಂದರೆ ಮನಸ್ಸಿನ ಕಡೆಯೂ ನೋಡಿಸಿ.

ಇದು ಹುಡುಗಿಯರಿಗೆ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ. ಜಿಮ್ಮಿಗೆ ಹೋಗುವ ಹುಡುಗ ಒಂದು ದಿನ ತಪ್ಪಿದರೂ ಚಡಪಡಿಸುತ್ತಾನೆ, ಮನೆ ಊಟ ಪೂರ್ತಿ ಬಿಟ್ಟಿದ್ದಾನೆ, ಯಾರ ಜೊತೆಯೂ ಸೇರುವುದಿಲ್ಲ ಅಂದರೆ ಅವನನ್ನೂ ಗಮನಿಸಿ.

ಎರಡನೇ ಹೆಜ್ಜೆ: ಎರಡೂ ಯಾಕೆ ಜೊತೆಗೆ ಬರುತ್ತವೆ ಅಂತ ಅರ್ಥ ಮಾಡಿಕೊಳ್ಳಿ

ಇದು ಅರ್ಥವಾದರೆ ಅರ್ಧ ಬೈಗುಳ ತಾನಾಗಿ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ನಿಂತಿತು.

1944ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಒಂದು ಪ್ರಯೋಗ ಶುರುವಾಯಿತು. ಎರಡನೇ ಮಹಾಯುದ್ಧದಿಂದ ಹಸಿದಿದ್ದ ಜನರಿಗೆ ಮತ್ತೆ ಹೇಗೆ ಊಟ ಕೊಡಬೇಕು ಅಂತ ತಿಳಿಯಬೇಕಿತ್ತು. ಯುದ್ಧ ಮಾಡುವುದಿಲ್ಲ ಅಂತ ಆತ್ಮಸಾಕ್ಷಿಯಿಂದ ನಿರಾಕರಿಸಿದ್ದ 36 ಯುವಕರು ತಾವಾಗಿ ಮುಂದೆ ಬಂದರು. ದೇಹ, ಮನಸ್ಸು ಎರಡೂ ಗಟ್ಟಿ ಇದ್ದವರನ್ನೇ ಆರಿಸಿದ್ದರು. ಆನ್ಸೆಲ್ ಕೀಸ್ ಅನ್ನುವ ವಿಜ್ಞಾನಿಯ ಉಸ್ತುವಾರಿಯಲ್ಲಿ ಆರು ತಿಂಗಳು ಅವರಿಗೆ ಅರೆಹೊಟ್ಟೆ ಊಟ.

ಆರು ತಿಂಗಳಲ್ಲಿ ಆ ಗಟ್ಟಿ ಹುಡುಗರು ಏನಾದರು ಗೊತ್ತಾ? ಮಂಕಾದರು. ಸಿಡುಕತೊಡಗಿದರು. ಗೆಳೆಯರು ಬೇಡವಾದರು, ನಗು ನಿಂತಿತು, ಸದಾ ಚಳಿ. ತಲೆಯಲ್ಲಿ ಊಟ ಬಿಟ್ಟರೆ ಬೇರೆ ಯೋಚನೆ ಇಲ್ಲ. ಅಡುಗೆ ಪುಸ್ತಕ ಓದತೊಡಗಿದರು, ತಟ್ಟೆ ಮುಂದೆ ಗಂಟೆಗಟ್ಟಲೆ ಕೂರತೊಡಗಿದರು. ಪ್ರಯೋಗ ಮುಗಿದ ಮೇಲೂ ಕೆಲವರಿಗೆ ತಿನ್ನುವುದನ್ನು ನಿಲ್ಲಿಸಲು ಆಗಲಿಲ್ಲ.

ಇದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು. ತಟ್ಟೆಯ ಅಂಚಿನ ದೋಸೆ ಚೂರುಗಳು ಕಣ್ಮುಂದೆ ಬಂದವು. ಅವಳು ಹಠ ಮಾಡುತ್ತಿರಲಿಲ್ಲ. ಹಸಿದ ಮಿದುಳು ಯಾರನ್ನೇ ಆದರೂ ಹಾಗೇ ಮಾಡುತ್ತದೆ.

ಹಸಿವು ಮನಸ್ಸನ್ನು ಕುಗ್ಗಿಸುವುದು ಹೀಗೆ. ಮನಸ್ಸು ಕುಗ್ಗಿ ಊಟ ಕೆಡುವುದೂ ಇದೆ. ಬೇಜಾರು, ಒಂಟಿತನ ತಡೆಯಲಾಗದಾಗ ತಿನ್ನುವುದೋ, ತಿನ್ನದೇ ಇರುವುದೋ ಸ್ವಲ್ಪ ಹೊತ್ತು ನೋವನ್ನು ಮರೆಸುತ್ತದೆ. ಆ ಸಮಾಧಾನ ಬೇಗ ಕರಗಿ, ಹಿಂದೆಯೇ ನಾಚಿಕೆ ಬರುತ್ತದೆ. ನಾಚಿಕೆಯಿಂದ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಬೈಪೋಲಾರ್ ಇರುವವರಲ್ಲಿ ಕೈ ಮೀರಿ ತಿನ್ನುವ ತೊಂದರೆ ಜಾಸ್ತಿ ಕಾಣುತ್ತದೆ. ಮನಸ್ಸು ಏರಿದ ದಿನಗಳಲ್ಲಿ ಊಟದ ನೆನಪೇ ಇಲ್ಲ, ಇಳಿದ ದಿನಗಳಲ್ಲಿ ರಾತ್ರಿ ಎದ್ದು ತಿನ್ನುವುದು, ಹೀಗೂ ಇರಬಹುದು.

ಎಷ್ಟು ಜನಕ್ಕೆ ಎರಡೂ ಇರುತ್ತವೆ? 2007ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕ ಹೀಗಿದೆ. ಅನೊರೆಕ್ಸಿಯಾ ಇದ್ದವರಲ್ಲಿ ನೂರಕ್ಕೆ ಸುಮಾರು 42 ಮಂದಿಗೆ ಜೀವನದ ಯಾವುದೋ ಹಂತದಲ್ಲಿ ಮೂಡ್ ಡಿಸಾರ್ಡರ್ ಕೂಡ ಇತ್ತು. ಬುಲಿಮಿಯಾದಲ್ಲಿ ನೂರಕ್ಕೆ 70ರಷ್ಟು, ಬಿಂಜ್ ಈಟಿಂಗ್‌ನಲ್ಲಿ 46ರಷ್ಟು. ಲೆಕ್ಕ ಅಮೆರಿಕದ್ದು. ಆದರೂ ಒಂದು ಕಾಯಿಲೆ ಕಂಡಲ್ಲಿ ಇನ್ನೊಂದನ್ನೂ ಹುಡುಕಬೇಕು ಅನ್ನಲು ಇಷ್ಟು ಸಾಕಲ್ವಾ?

"ಯಾವುದು ಮೊದಲು ಬಂತು?" ಅಂತ ತಲೆ ಕೆಡಿಸಿಕೊಳ್ಳಬೇಡಿ. ನಾವು ಎರಡು ತಿಂಗಳು ಅದನ್ನೇ ಚರ್ಚೆ ಮಾಡಿದೆವು, ಪಿಜಿ ಸೇರಿದ್ದರಿಂದಲಾ, ಮದುವೆ ಮನೆಯಲ್ಲಿ ಯಾರೋ "ಏನಮ್ಮಾ ಹಿಂಗೆ ಊದಿದ್ದೀಯ" ಅಂದದ್ದರಿಂದಲಾ ಅಂತ. ಉತ್ತರ ಸಿಗಲಿಲ್ಲ. ಕಾಯಿಲೆ ಮಾತ್ರ ಜಾಸ್ತಿಯಾಯಿತು.

ಮೂರನೇ ಹೆಜ್ಜೆ: ಎರಡು ವಾರ ಬರೆದಿಡಿ

ಒಂದು ಸಣ್ಣ ನೋಟ್‌ಬುಕ್ ತೆಗೆದುಕೊಳ್ಳಿ. ದಿನಕ್ಕೆ ನಾಲ್ಕು ಸಾಲು ಸಾಕು. ಆ ದಿನ ಯಾವ ಯಾವ ಊಟ ಮಾಡಿದರು, ಯಾವುದು ತಪ್ಪಿತು. ನಿದ್ದೆ ಎಷ್ಟು ಗಂಟೆ. ಮನಸ್ಸು ಹೇಗಿತ್ತು: ಅಳು, ಸಿಡುಕು, ಮೌನ, ಅತಿ ಉತ್ಸಾಹ. ಊಟಕ್ಕೆ ಮೊದಲು ಮತ್ತು ಆಮೇಲೆ ಏನಾದರೂ ನಡೆಯಿತಾ. ನನ್ನ ನೋಟ್‌ಬುಕ್ಕಿನ ಒಂದು ದಿನ ಹೀಗಿತ್ತು: "ಗುರುವಾರ. ಬೆಳಗ್ಗೆ ಏನೂ ಇಲ್ಲ. ಮಧ್ಯಾಹ್ನ ಮಜ್ಜಿಗೆ ಮಾತ್ರ. ಚಿಕ್ಕಮ್ಮ ಫೋನ್ ಮಾಡಿದ ಮೇಲೆ ಅತ್ತಳು. ರಾತ್ರಿ ಊಟಕ್ಕೆ ಕರೆದಾಗ ಬಾಗಿಲು ಹಾಕಿಕೊಂಡಳು. ಎರಡು ಗಂಟೆವರೆಗೂ ಲೈಟ್ ಉರಿಯುತ್ತಿತ್ತು."

ಎರಡು ವಾರ ಆದ ಮೇಲೆ ಅದನ್ನು ಒಟ್ಟಿಗೆ ಓದಿದಾಗ ನಮಗೆ ಮೊದಲ ಸಲ ಹೊಳೆಯಿತು. ಊಟ ತಪ್ಪಿದ ಮರುದಿನ ಸಿಡುಕು ಜಾಸ್ತಿ. ಯಾರಾದರೂ ಮೈಯ ಬಗ್ಗೆ ಮಾತಾಡಿದ ದಿನ ಊಟ ತಪ್ಪುತ್ತಿತ್ತು. ಮುಂದೆ ಮನೋವೈದ್ಯರು ಆ ಹಾಳೆಗಳನ್ನು ಹತ್ತು ನಿಮಿಷ ತಿರುವಿ ನೋಡಿದರು. ನಾವು ಬಾಯಲ್ಲಿ ಹೇಳಿದ್ದರೆ ಅಷ್ಟು ಹೇಳಲು ಆಗುತ್ತಿರಲಿಲ್ಲ.

ಏನು ಬರೆಯಬಾರದು ಅನ್ನುವುದೂ ಅಷ್ಟೇ ಮುಖ್ಯ. ತೂಕ ಬರೆಯಬೇಡಿ, ಕ್ಯಾಲೊರಿ ಲೆಕ್ಕ ಹಾಕಬೇಡಿ. ಆ ಅಂಕಿಗಳೇ ಅವರ ತಲೆ ತಿನ್ನುತ್ತಿರುತ್ತವೆ. ಮನೆಯಲ್ಲಿ ತೂಕದ ಮಷೀನ್ ಇದ್ದರೆ ಅಟ್ಟಕ್ಕೆ ಹಾಕಿ. ಕದ್ದು ಬರೆಯುವುದೂ ಬೇಡ. "ಡಾಕ್ಟರಿಗೆ ಹೇಳೋಕೆ ಬರೆದಿಡ್ತಿದ್ದೀನಿ, ನೀನೂ ಓದಬಹುದು" ಅಂತ ಹೇಳಿಬಿಡಿ.

ಮೈಯ ಸ್ಥಿತಿ ಈಗಾಗಲೇ ಕೆಟ್ಟಿದ್ದರೆ ಎರಡು ವಾರ ಕಾಯಬೇಡಿ. ಆ ಲಕ್ಷಣಗಳು ಏಳನೇ ಹೆಜ್ಜೆಯಲ್ಲಿವೆ.

ನಾಲ್ಕನೇ ಹೆಜ್ಜೆ: ಕೂತು ಮಾತಾಡಿ, ಆದರೆ ಊಟದ ಹೊತ್ತಲ್ಲಿ ಬೇಡ

ತಟ್ಟೆ ಮುಂದೆ ಇದ್ದಾಗ ಈ ಮಾತು ತೆಗೆಯಬೇಡಿ. ಆಗ ಅವರ ಮನಸ್ಸು ಮೊದಲೇ ಯುದ್ಧದಲ್ಲಿರುತ್ತದೆ. ನಾನು ಮಾತಾಡಿದ್ದು ಮಹಡಿ ಮೇಲೆ, ಬಟ್ಟೆ ಒಣಗಹಾಕುವಾಗ. ಕೈಗೆ ಕೆಲಸ ಇತ್ತು, ಮುಖ ನೋಡಬೇಕಾಗಿರಲಿಲ್ಲ. ಅದರಿಂದ ಇಬ್ಬರಿಗೂ ಸಲೀಸಾಯಿತು.

"ಊಟ ಯಾಕೆ ಮಾಡಲ್ಲ?" ಅಂತ ಶುರು ಮಾಡಬೇಡಿ. ಆ ಪ್ರಶ್ನೆ ಅವರು ಸಾವಿರ ಸಲ ಕೇಳಿರುತ್ತಾರೆ. ನೀವು ಕಂಡದ್ದನ್ನು ಹೇಳಿ. "ರಾತ್ರಿಯೆಲ್ಲಾ ನಿನಗೆ ನಿದ್ದೆ ಬರ್ತಿಲ್ಲ ಅಂತ ಗೊತ್ತಾಗ್ತಿದೆ ಪುಟ್ಟಾ. ಮೊದಲಿನ ಹಾಗೆ ನಗ್ತಾ ಇಲ್ಲ. ನನಗೆ ಭಯ ಆಗ್ತಿದೆ." ಅಷ್ಟು ಹೇಳಿ ಸುಮ್ಮನಾಗಿ. ನನ್ನ ತಂಗಿ ಬಹಳ ಹೊತ್ತು ಏನೂ ಹೇಳಲಿಲ್ಲ. ಒದ್ದೆ ಟವೆಲ್ ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರೇ ಇರಲಿಲ್ಲ. ಆಮೇಲೆ "ಅಕ್ಕಾ, ನನಗೂ ನಿಲ್ಸೋಕೆ ಆಗ್ತಿಲ್ಲ" ಅಂದಳು.

"ದಪ್ಪ ಇಲ್ಲ ಕಣೇ, ಚೆನ್ನಾಗೇ ಇದ್ದೀಯ" ಅನ್ನುವುದೂ ಬೇಡ. ಹೊಗಳಿಕೆಯೂ ಮೈಯ ಮಾತೇ. ಸ್ವಲ್ಪ ಚೇತರಿಸಿಕೊಂಡ ಮೇಲೆ "ಈಗ ಮುಖ ತುಂಬಿಕೊಂಡಿದೆ ನೋಡು" ಅಂದರೆ ಅವರ ಕಿವಿಗೆ ಅದು "ದಪ್ಪ ಆಗಿದ್ದೀಯ" ಅಂತಲೇ ಬೀಳುತ್ತದೆ. "ನಿನ್ನಿಂದ ಅಮ್ಮನಿಗೆ ಬಿಪಿ ಜಾಸ್ತಿ ಆಯ್ತು" ಅಂತೂ ದಯವಿಟ್ಟು ಅನ್ನಬೇಡಿ.

ಸಾಯುವ ಯೋಚನೆ ಬರುತ್ತದೆಯಾ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಆಗುತ್ತದೆ ಅನ್ನುವುದು ತಪ್ಪು ನಂಬಿಕೆ. ಕೇಳಿದರೆ ಭಾರ ಇಳಿಯುತ್ತದೆ. ಅನೊರೆಕ್ಸಿಯಾ ಇದ್ದು ತೀರಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರು ಆತ್ಮಹತ್ಯೆ ಮಾಡಿಕೊಂಡವರು. ಹಾಗಾಗಿ ಸಂಕೋಚ ಪಡುವ ಹೊತ್ತಲ್ಲ ಇದು.

ಐದನೇ ಹೆಜ್ಜೆ: ಡಾಕ್ಟರ ಹತ್ತಿರ ಎರಡನ್ನೂ ಹೇಳಿ

ಮೊದಲು ಹತ್ತಿರದ ಫಿಸಿಶಿಯನ್ ಹತ್ತಿರ ದೇಹ ಪರೀಕ್ಷೆ ಮಾಡಿಸಿ. ನಾಡಿ, ಮಲಗಿದಾಗ ಮತ್ತು ನಿಂತಾಗ ಬಿಪಿ, ಇಸಿಜಿ, ಸಕ್ಕರೆ, ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ರಕ್ತದಲ್ಲಿನ ಪೊಟ್ಯಾಸಿಯಂ ಮತ್ತು ಫಾಸ್ಫೇಟ್. ಥೈರಾಯ್ಡ್ ಏರುಪೇರಾದರೂ ತೂಕ, ಮನಸ್ಸು ಎರಡೂ ಕೆಡುತ್ತವೆ, ಅದಕ್ಕೆ ಅದನ್ನು ಮೊದಲೇ ನೋಡಿಬಿಡುವುದು ಒಳ್ಳೆಯದು. ಆದರೆ ರಿಪೋರ್ಟ್ ಎಲ್ಲಾ ಸರಿಯಾಗಿ ಬಂತು ಅಂದರೆ ಕಾಯಿಲೆ ಇಲ್ಲ ಅಂತಲ್ಲ. ಬಹಳ ಕಷ್ಟಪಡುತ್ತಿರುವವರ ರಕ್ತವೂ ಎಷ್ಟೋ ಸಲ ಸರಿಯಾಗೇ ಇರುತ್ತದೆ. ಹೆಣ್ಣುಮಕ್ಕಳಿಗೆ ಮುಟ್ಟು ನಿಂತಿದ್ದರೆ ಅದನ್ನು ತಪ್ಪದೆ ಹೇಳಿ.

ಆಮೇಲೆ ಮನೋವೈದ್ಯರು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನು ಕೇಳಿ. ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರ್‌ನಲ್ಲಿ ಶುರುವಾಯಿತು. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಮಾತಾಡಬಹುದು. ದುಡ್ಡಿಲ್ಲ.

ಒಳಗೆ ಹೋದ ತಕ್ಷಣ ಹೇಳಬೇಕಾದ ಮಾತು ಇಷ್ಟೇ: "ಇವಳ ಮನಸ್ಸೂ ಕುಗ್ಗಿದೆ, ಊಟವೂ ಕೆಟ್ಟಿದೆ. ಎರಡನ್ನೂ ನೋಡಿ." ಇನ್ನೊಂದು ವಿಷಯ ಮನೆಯವರೇ ಹೇಳಬೇಕು, ಯಾಕೆಂದರೆ ರೋಗಿಗೆ ಅದು ಕಾಯಿಲೆ ಅಂತಲೇ ಅನ್ನಿಸಿರುವುದಿಲ್ಲ. ಹಿಂದೆ ಯಾವಾಗಲಾದರೂ ನಾಲ್ಕೈದು ದಿನ, ಒಂದು ವಾರ ನಿದ್ದೆ ಇಲ್ಲದೆಯೂ ಭಾರೀ ಉತ್ಸಾಹದಲ್ಲಿದ್ದರಾ? ಕುಟುಂಬದಲ್ಲಿ ಯಾರಿಗಾದರೂ ಬೈಪೋಲಾರ್ ಇತ್ತಾ? ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಮನಸ್ಸು ವಿಪರೀತ ಏರಿಬಿಡಬಹುದು.

ಮಾತ್ರೆಗಳ ವಿಷಯದಲ್ಲಿ ಈ ಜೋಡಿ ಕಾಯಿಲೆಗೆ ಕೆಲವು ಸೂಕ್ಷ್ಮಗಳಿವೆ. ಆಯ್ಕೆ ಡಾಕ್ಟರದ್ದು. ನೀವು ಮಾಹಿತಿ ಮುಚ್ಚಿಡದಿದ್ದರೆ ಸಾಕು. ಬ್ಯುಪ್ರೊಪಿಯಾನ್ ಅನ್ನುವ ಖಿನ್ನತೆಯ ಮಾತ್ರೆಯನ್ನು ಅನೊರೆಕ್ಸಿಯಾ, ಬುಲಿಮಿಯಾ ಇರುವವರಿಗೆ ಕೊಡುವಂತಿಲ್ಲ, ಫಿಟ್ಸ್ ಬರುವ ಅಪಾಯ ಜಾಸ್ತಿ. ಬೈಪೋಲಾರ್‌ಗೆ ಕೊಡುವ ಲಿಥಿಯಂ, ವಾಂತಿಯಾಗಿ ಅಥವಾ ನೀರು ಕುಡಿಯದೆ ದೇಹ ಒಣಗಿದರೆ, ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು. ಊಟದ ಕಾಯಿಲೆ ಗುಟ್ಟಾಗಿಟ್ಟರೆ ಡಾಕ್ಟರಿಗೆ ಇದು ಹೇಗೆ ಗೊತ್ತಾಗಬೇಕು? ಬುಲಿಮಿಯಾಕ್ಕೆ ಫ್ಲುಆಕ್ಸೆಟಿನ್ ಕೆಲಸಕ್ಕೆ ಬರುತ್ತದೆ. ಆದರೆ ಮೈ ತುಂಬಾ ಇಳಿದಿರುವ ಅನೊರೆಕ್ಸಿಯಾದಲ್ಲಿ ಖಿನ್ನತೆಯ ಮಾತ್ರೆಗಳು ಅಷ್ಟಾಗಿ ಕೆಲಸ ಮಾಡುವುದಿಲ್ಲ. ನಮ್ಮ ಎಂಟು ತಿಂಗಳು ಹೋಗಿದ್ದು ಇಲ್ಲೇ. ಮಾತ್ರೆ ನುಂಗಿಸುತ್ತಿದ್ದೆವು, ಊಟ ಇರಲಿಲ್ಲ, ಮನಸ್ಸು ಏಳಲಿಲ್ಲ.

ಒಲಾಂಝಪಿನ್, ವಾಲ್ಪ್ರೊಯೇಟ್‌ನಂಥ ಕೆಲವು ಮಾತ್ರೆಗಳಿಂದ ತೂಕ ಏರಬಹುದು. ಅದು ಗೊತ್ತಾದ ದಿನ ರೋಗಿ ಮಾತ್ರೆ ಬಿಟ್ಟುಬಿಡುತ್ತಾರೆ, ಯಾರಿಗೂ ಹೇಳುವುದಿಲ್ಲ. ಆ ಭಯ ಇದೆ ಅಂತ ಮೊದಲ ದಿನವೇ ಡಾಕ್ಟರಿಗೆ ಹೇಳಿ, ಬೇರೆ ದಾರಿ ಇದೆಯಾ ಕೇಳಿ. ಹದಿಹರೆಯದವರು, 25ರೊಳಗಿನವರು ಖಿನ್ನತೆಯ ಮಾತ್ರೆ ಶುರು ಮಾಡಿದ ಮೊದಲ ಕೆಲವು ವಾರ ಹತ್ತಿರವೇ ಇದ್ದು ನೋಡಿಕೊಳ್ಳಿ. ಚಡಪಡಿಕೆ ಜಾಸ್ತಿಯಾದರೆ, ಸಾಯುವ ಮಾತು ಬಂದರೆ ತಕ್ಷಣ ಡಾಕ್ಟರಿಗೆ ತಿಳಿಸಿ.

ಮಾತ್ರೆ ಒಂದೇ ಚಿಕಿತ್ಸೆಯಲ್ಲ. ಆಕ್ಸ್‌ಫರ್ಡಿನ ಕ್ರಿಸ್ಟೋಫರ್ ಫೇರ್‌ಬರ್ನ್ ರೂಪಿಸಿದ ಮಾತಿನ ಚಿಕಿತ್ಸೆ ಊಟದ ಕಾಯಿಲೆಗೆಂದೇ ಇದೆ. ಅದರಲ್ಲಿ ಮೊದಲ ಕೆಲವು ವಾರದ ಮುಖ್ಯ ಕೆಲಸವೇ ಹೊತ್ತು ಹೊತ್ತಿಗೆ ಊಟ ಮಾಡುವ ಅಭ್ಯಾಸ. ಮನಸ್ಸಿನ ಚಿಕಿತ್ಸೆಯೂ ತಟ್ಟೆಯಿಂದಲೇ ಶುರುವಾಗುತ್ತದೆ ನೋಡಿ.

ಖರ್ಚಿನ ಬಗ್ಗೆ ಒಂದು ಮಾತು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಯ ಹಾಗೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು. ಪಾಲಿಸಿ ಇದ್ದರೆ ಅಡ್ಮಿಟ್ ಮಾಡುವ ಮೊದಲು ಕೇಳಿ.

ಆರನೇ ಹೆಜ್ಜೆ: ಮನೆಯ ಊಟದ ಹೊತ್ತನ್ನು ಸರಿಮಾಡಿ

ಮೊದಲು ಒಂದು ಎಚ್ಚರಿಕೆ. ಬಹಳ ದಿನ ಏನೂ ತಿನ್ನದವರಿಗೆ "ಪಾಪ, ಒಣಗಿಹೋಗಿದೆ ಮಗು" ಅಂತ ಅಜ್ಜಿಯೋ ದೊಡ್ಡಮ್ಮನೋ ಒಂದೇ ದಿನ ಹೊಟ್ಟೆ ತುಂಬಾ ತುಪ್ಪದ ಊಟ ಹಾಕಬಾರದು. ಹಾಗೆ ಮಾಡಿದರೆ ರಕ್ತದ ಫಾಸ್ಫೇಟ್ ದಿಢೀರ್ ಇಳಿದು ಹೃದಯಕ್ಕೇ ತೊಂದರೆಯಾಗಬಹುದು. ಮೈ ತುಂಬಾ ಇಳಿದಿದ್ದರೆ ಎಷ್ಟು, ಹೇಗೆ ಶುರು ಮಾಡಬೇಕು ಅಂತ ಡಾಕ್ಟರು, ಡಯಟೀಶಿಯನ್ ಹೇಳಲಿ.

ಅವರು ಹೇಳಿದ ಮೇಲೆ ಹೊತ್ತು ನಿಗದಿ ಮಾಡಿ. ನಮ್ಮ ಮನೆಯಲ್ಲಿ ಬೆಳಗ್ಗೆ ಎಂಟೂವರೆ, ಹನ್ನೊಂದು, ಒಂದೂವರೆ, ಐದು, ರಾತ್ರಿ ಎಂಟೂವರೆ. ಮೂರು ಊಟ, ನಡುವೆ ಎರಡು ಸಲ ತಿಂಡಿ. ಹಸಿವು ಆಗುತ್ತಾ ಅಂತ ಕೇಳುವುದಿಲ್ಲ. ಹಸಿವಿನ ಗಡಿಯಾರ ಕೆಟ್ಟಿರುವಾಗ ಗೋಡೆ ಗಡಿಯಾರವೇ ದಿಕ್ಕು. ಮನೆಯವರಲ್ಲಿ ಒಬ್ಬರಾದರೂ ಜೊತೆಗೆ ಕೂತು ಅದನ್ನೇ ತಿನ್ನಬೇಕು. ಅವಳಿಗೆ ಉಪ್ಪಿಟ್ಟು, ನಮಗೆ ಬೇರೆ ಅಂತ ಮಾಡಲಿಲ್ಲ. ಊಟ ಮಾಡುವಾಗ ಊಟದ ಮಾತು ಬೇಡ. ನಾವು ಪಕ್ಕದ ಮನೆ ಬೆಕ್ಕಿನ ಬಗ್ಗೆ ಮಾತಾಡುತ್ತಿದ್ದೆವು, ಹಳೇ ಮೇಷ್ಟ್ರ ಬಗ್ಗೆ ಮಾತಾಡುತ್ತಿದ್ದೆವು. ಊಟದ ನಂತರದ ಒಂದು ಗಂಟೆ ಅವರಿಗೆ ಅತಿ ಕಷ್ಟದ ಹೊತ್ತು. ಆಗ ಒಂಟಿಯಾಗಿ ಬಿಡಬೇಡಿ. ಚೌಕಾಬಾರ ಆಡಿ, ಟಿವಿ ನೋಡಿ, ಹೂ ಕಟ್ಟಿ.

ಹದಿಹರೆಯದ ಮಕ್ಕಳಾದರೆ ಊಟದ ಜವಾಬ್ದಾರಿಯನ್ನು ಸ್ವಲ್ಪ ಕಾಲ ಅಪ್ಪ ಅಮ್ಮನೇ ಪೂರ್ತಿ ಹೊರುವ ಕುಟುಂಬ ಚಿಕಿತ್ಸೆ ಇದೆ. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ 1980ರ ದಶಕದಲ್ಲಿ ಬೆಳೆದದ್ದು. ತಪ್ಪು ಯಾರದ್ದು ಅಂತ ಅಲ್ಲಿ ಹುಡುಕುವುದಿಲ್ಲ, ಮುಂದೇನು ಅಂತಷ್ಟೇ ನೋಡುತ್ತಾರೆ. ಅಪ್ಪ ಒಂದು ಹೇಳಿ ಅಮ್ಮ ಇನ್ನೊಂದು ಹೇಳಿದರೆ ಕೆಡುತ್ತದೆ. ಇಬ್ಬರೂ ಮೊದಲೇ ಕೂತು ಒಂದು ಮಾತಿಗೆ ಬನ್ನಿ.

ನಮ್ಮನ್ನು ತುಂಬಾ ಹೆದರಿಸಿದ ಒಂದು ವಿಷಯ ಹೇಳಬೇಕು. ಊಟ ಶುರುವಾದ ಮೇಲೆ ತಂಗಿಯ ಅಳು ಜಾಸ್ತಿಯಾಯಿತು. ಮೊದಲು ಕಲ್ಲಿನ ಹಾಗೆ ಇದ್ದವಳು ದಿನಾ ಅಳುತ್ತಿದ್ದಳು. ಚಿಕಿತ್ಸೆ ತಪ್ಪಾಯಿತೇನೋ ಅಂದುಕೊಂಡೆವು. ಹಾಗಲ್ಲ. ಮಿನ್ನೆಸೋಟದ ಹುಡುಗರಲ್ಲೂ ಮತ್ತೆ ಊಟ ಕೊಡತೊಡಗಿದ ಮೊದಲ ದಿನಗಳಲ್ಲಿ ಕೆಲವರ ಮನಸ್ಸು ಇನ್ನಷ್ಟು ಹದಗೆಟ್ಟಿತ್ತು. ಮೈ ಮೊದಲು ಚೇತರಿಸಿಕೊಳ್ಳುತ್ತದೆ, ಮನಸ್ಸು ಹಿಂದಿನಿಂದ ಬರುತ್ತದೆ. ಈ ನಡುವಿನ ವಾರಗಳಲ್ಲೇ ಬಹಳ ಮನೆಗಳಲ್ಲಿ ಚಿಕಿತ್ಸೆ ಬಿಡುತ್ತಾರೆ. ಬಿಡಬೇಡಿ. ಡಾಕ್ಟರ ಹತ್ತಿರ ಹೋಗುವ ದಿನ ಇನ್ನೂ ದೂರವಿದ್ದರೆ, ಅದಕ್ಕಿಂತ ಮೊದಲಿನ ದಿನ ಕೇಳಿಕೊಂಡು ಬೇಗ ಹೋಗಿ.

ಏಳನೇ ಹೆಜ್ಜೆ: ಇವು ಕಂಡರೆ ಕಾಯಬೇಡಿ

ತಲೆ ಸುತ್ತಿ ಬೀಳುವುದು. ಎದೆನೋವು, ಎದೆ ಡವಗುಟ್ಟುವುದು ಅಥವಾ ನಾಡಿ ತೀರಾ ನಿಧಾನವಾಗುವುದು. ನೀರೂ ಕುಡಿಯದಿರುವುದು. ವಾಂತಿಯಲ್ಲಿ ರಕ್ತ. ಕೂತಲ್ಲಿಂದ ಏಳಲಾಗದಷ್ಟು ನಿಶ್ಶಕ್ತಿ. ಫಿಟ್ಸ್. ಮಾತು ತಡವರಿಸುವುದು, ದಿಕ್ಕು ತೋಚದಂತಾಗುವುದು. ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ. ನೋಡಲು ಸಣ್ಣಗಿಲ್ಲ ಅಂತ ಸುಮ್ಮನಿರಬೇಡಿ. ಪೊಟ್ಯಾಸಿಯಂ ಇಳಿದು ಹೃದಯದ ಬಡಿತ ತಪ್ಪುವುದು ಯಾವ ತೂಕದವರಿಗೂ ಆಗಬಹುದು.

ಸಾಯುತ್ತೇನೆ ಅನ್ನುವ ಮಾತು, ತನ್ನ ವಸ್ತುಗಳನ್ನು ಹಂಚುವುದು, ವಿದಾಯದಂಥ ಮೆಸೇಜ್ ಕಂಡರೆ ಒಂದು ಕ್ಷಣವೂ ಒಂಟಿಯಾಗಿ ಬಿಡಬೇಡಿ. ಮಾತ್ರೆ, ಕೀಟನಾಶಕದಂಥವನ್ನು ಬೀಗ ಹಾಕಿ ಇಡಿ. ಹಳ್ಳಿ ಮನೆಗಳಲ್ಲಿ ಇದನ್ನು ಮರೆಯಲೇಬಾರದು. 14416ಕ್ಕೆ ಫೋನ್ ಮಾಡಿ, ಆಸ್ಪತ್ರೆಗೆ ಹೋಗಿ.

ಎಂಟನೇ ಹೆಜ್ಜೆ: ನೆಂಟರು, ಹಬ್ಬ, ಉಪವಾಸ

ನಮ್ಮಲ್ಲಿ ಪ್ರೀತಿ ತೋರಿಸುವುದೇ ಊಟದಲ್ಲಿ. "ಊಟ ಆಯ್ತಾ?" ಅಂತಲೇ ಮಾತು ಶುರು. ಅದನ್ನು ಬದಲಿಸಲು ಆಗುವುದಿಲ್ಲ, ಬದಲಿಸಬೇಕಾಗಿಯೂ ಇಲ್ಲ. ಆದರೆ ಹಬ್ಬಕ್ಕೆ, ಮದುವೆಗೆ ಹೋಗುವ ಮೊದಲು ಒಂದಿಬ್ಬರು ಹತ್ತಿರದವರಿಗೆ ಫೋನ್ ಮಾಡಿ ಹೇಳಿಡಿ: "ಅತ್ತೆ, ಅವಳಿಗೆ ಹುಷಾರಿಲ್ಲ, ಚಿಕಿತ್ಸೆ ನಡೀತಿದೆ. ಅವಳ ಮೈ ಬಗ್ಗೆ, ಎಲೆ ಬಗ್ಗೆ ಏನೂ ಅನ್ನಬೇಡಿ." ಪೂರ್ತಿ ಕಥೆ ಹೇಳಬೇಕಾಗಿಲ್ಲ. ಎಷ್ಟು ಹೇಳಬೇಕು ಅಂತ ರೋಗಿಯನ್ನೇ ಮೊದಲು ಕೇಳಿ.

ಸಂಕಷ್ಟಿ, ಏಕಾದಶಿ, ನವರಾತ್ರಿ ಉಪವಾಸಗಳ ಹಿಂದೆ ಈ ಕಾಯಿಲೆ ಸಲೀಸಾಗಿ ಅಡಗಿಕೊಳ್ಳುತ್ತದೆ. ಎಂದೂ ಪೂಜೆಗೆ ಕೂರದವರು ದಿಢೀರನೆ ವಾರಕ್ಕೆ ಮೂರು ದಿನ ವ್ರತ ಹಿಡಿದರೆ ವಿಚಾರಿಸಿ. ಚೇತರಿಸಿಕೊಳ್ಳುವವರೆಗೆ ಉಪವಾಸ ಬೇಡ. ಹುಷಾರಿಲ್ಲದವರಿಗೆ ವ್ರತದ ಕಟ್ಟು ಇಲ್ಲ ಅಂತ ನಮ್ಮ ಅಜ್ಜಿಯೇ ತಂಗಿಗೆ ಹೇಳಿದರು. ನಮ್ಮೆಲ್ಲರ ಮಾತಿಗಿಂತ ಅವಳು ಅದನ್ನೇ ಕೇಳಿದಳು. ನಿಮ್ಮ ಮನೆಯಲ್ಲೂ ಅಂಥ ಹಿರಿಯರು ಒಬ್ಬರಿದ್ದರೆ ಅವರ ಬಾಯಿಂದಲೇ ಹೇಳಿಸಿ.

ಇದನ್ನು ಓದುತ್ತಿರುವವರು ನೀವೇ ಆ ಕಷ್ಟದಲ್ಲಿದ್ದರೆ, ಮನೆಯಲ್ಲಿ ಯಾರಿಗೂ ಹೇಳಲಾಗದಿದ್ದರೆ, ಒಬ್ಬರನ್ನು ಆರಿಸಿಕೊಳ್ಳಿ. ಅಕ್ಕ, ಗೆಳತಿ, ಕಾಲೇಜಿನ ಮೇಡಂ, ಯಾರಾದರೂ ಸರಿ. "ನನಗೆ ಊಟದ ವಿಷಯದಲ್ಲೂ ಮನಸ್ಸಿನ ವಿಷಯದಲ್ಲೂ ತೊಂದರೆ ಆಗ್ತಿದೆ, ಡಾಕ್ಟರ ಹತ್ತಿರ ಜೊತೆಗೆ ಬರ್ತ್ಯಾ?" ಅಂತ ಮೆಸೇಜ್ ಮಾಡಿ. ಬಾಯಿಬಿಟ್ಟು ಹೇಳಲು ಆಗದ್ದನ್ನು ಬರೆದರೂ ಆಗುತ್ತದೆ. ಡಾಕ್ಟರ ಹತ್ತಿರ ಹೋಗುವಷ್ಟು ನೀವು ಸಣ್ಣಗಾಗಿಲ್ಲ, ನಿಮ್ಮ ಕಷ್ಟ ಅಷ್ಟು ದೊಡ್ಡದಲ್ಲ ಅಂತ ತಲೆಯೊಳಗೆ ಯಾರೋ ಹೇಳುತ್ತಿದ್ದರೆ, ಹಾಗೆ ಮಾತಾಡುತ್ತಿರುವುದು ಕಾಯಿಲೆ.

ಮತ್ತೆ ಮರುಕಳಿಸಬಹುದು. ನನ್ನ ತಂಗಿಗೂ ಒಮ್ಮೆ ಆಯಿತು, ಕೆಲಸಕ್ಕೆ ಸೇರಿದ ಮೊದಲ ವರ್ಷ. ಆಗ ಮೊದಲು ಕೆಟ್ಟದ್ದು ನಿದ್ದೆ. ಆಮೇಲೆ ಬೆಳಗ್ಗೆಯ ತಿಂಡಿ ತಪ್ಪಿತು. ಆ ಕ್ರಮ ಈಗ ನಮ್ಮಿಬ್ಬರಿಗೂ ಗೊತ್ತಿದೆ. ನೀವೂ ಚೇತರಿಸಿಕೊಂಡ ದಿನಗಳಲ್ಲಿ ಕೂತು ಒಂದು ಹಾಳೆಯಲ್ಲಿ ಬರೆದಿಡಿ: ಮೊದಲು ಏನು ಕೆಡುತ್ತದೆ, ಅದು ಕಂಡರೆ ಯಾರಿಗೆ ಫೋನ್ ಮಾಡಬೇಕು, ಯಾವ ಡಾಕ್ಟರು, ಯಾವ ಮಾತ್ರೆ ನಡೆಯುತ್ತಿದೆ, ಯಾವುದು ಒಗ್ಗಲಿಲ್ಲ. ನಮ್ಮ ಹಾಳೆ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ, ಅವಳ ಕೈಬರಹದಲ್ಲೇ. ಪ್ರತಿ ಯುಗಾದಿಗೆ ಹೊಸ ಕ್ಯಾಲೆಂಡರ್ ಹಾಕುವಾಗ ಅದನ್ನು ಇಬ್ಬರೂ ಓದಿ, ತಿದ್ದಿ, ಮತ್ತೆ ಅಲ್ಲೇ ಸಿಕ್ಕಿಸುತ್ತೇವೆ.